ಸ್ಕ್ರ್ಯಾಚ್‌ನಲ್ಲಿ ಸರಿಯಿದ್ದ ಆಟ ಪೈಥಾನ್‌ನಲ್ಲಿ ಯಾಕೆ ಕೆಟ್ಟಿತು?

ಪ್ರಶ್ನೆ: ನನ್ನ ಮಗಳು ಎರಡು ವರ್ಷ, ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನಲ್ಲಿ ಆಟಗಳನ್ನು ಮಾಡಿದಳು. ಈಗ ಅಕ್ಷರದಲ್ಲಿ ಕೋಡ್ ಬರೆಯುವ ಪೈಥಾನ್ ಹಿಡಿದಿದ್ದಾಳೆ. ಮೊದಲು ಮಾಡಿದ್ದ ‘ಸಂಖ್ಯೆ ಊಹಿಸು’ ಆಟವನ್ನೇ ಪೈಥಾನ್‌ನಲ್ಲಿ ಬರೆದಳು. ಗುಟ್ಟಿನ ಸಂಖ್ಯೆ 50 ಎಂದು ಅವಳೇ ಇಟ್ಟಿದ್ದಾಳೆ. 50 ಎಂದೇ ಟೈಪ್ ಮಾಡಿದರೂ ‘ತಪ್ಪು’ ಅನ್ನುತ್ತದೆ. ಎರರ್ ಕೂಡ ಬರುವುದಿಲ್ಲ. ಸ್ಕ್ರ್ಯಾಚ್‌ನಲ್ಲಿ ಡೇಟಾ ಟೈಪ್ (ಇದು ಸಂಖ್ಯೆ, ಇದು ಪಠ್ಯ ಎಂಬ ಬಗೆ) ಅನ್ನುವುದೇ ಇರಲಿಲ್ಲ. ಇಲ್ಲಿ ಯಾಕೆ ಇಷ್ಟು ಕಾಟ?

ಉತ್ತರ: ಮಗಳ ತರ್ಕದಲ್ಲಿ ತಪ್ಪಿಲ್ಲ, ಅದನ್ನು ಮೊದಲು ಅವಳಿಗೆ ಹೇಳಿ. ಪೈಥಾನ್‌ನ ‘ಇನ್‌ಪುಟ್’ ಟೈಪ್ ಮಾಡಿದ್ದನ್ನು ಯಾವಾಗಲೂ ಪಠ್ಯವಾಗಿಯೇ ಕೊಡುತ್ತದೆ. ಅವಳು ಒತ್ತಿದ್ದು ಐದು, ಸೊನ್ನೆ ಎಂಬ ಎರಡು ಅಕ್ಷರ. ಗುಟ್ಟಿನಲ್ಲಿ ಇಟ್ಟಿದ್ದು ಐವತ್ತು ಎಂಬ ಸಂಖ್ಯೆ. ಎರಡೂ ಒಂದೇನಾ ಎಂದು ಕೇಳಿದರೆ ಪೈಥಾನ್ ಸುಮ್ನೆ ‘ಅಲ್ಲ’ ಅನ್ನುತ್ತದೆ. ಹಾಗಾಗಿಯೇ ಎರರ್ ಬರಲಿಲ್ಲ. ‘ಇದಕ್ಕಿಂತ ದೊಡ್ಡದಾ?’ ಎಂದು ಕೇಳಿದ್ದರೆ ಕೂಡಲೇ ಟೈಪ್ ಎರರ್ ಬರುತ್ತಿತ್ತು.

ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ಎರಡು ಕಡೆಯೂ ಪಠ್ಯವೇ ಇದ್ದರೆ ಪೈಥಾನ್ ಖುಷಿಯಿಂದ ಹೋಲಿಸುತ್ತದೆ, ಆದರೆ ನಿಘಂಟಿನಲ್ಲಿ ಪದ ಜೋಡಿಸುವ ಹಾಗೆ. ಮೊದಲ ಅಕ್ಷರ 5, ಅದು 9ಕ್ಕಿಂತ ಮುಂಚೆ ಬರುತ್ತದೆ. ಹಾಗಾಗಿ ಪಠ್ಯವಾದ "50" ಪಠ್ಯವಾದ "9"ಕ್ಕಿಂತ ಚಿಕ್ಕದು! ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಅಂಕಪಟ್ಟಿಯ ಪ್ರೋಗ್ರಾಂನಲ್ಲಿ ಹೀಗಾದರೆ 9 ಅಂಕದವನು 50 ಅಂಕದವನಿಗಿಂತ ಮುಂದೆ ಇರುತ್ತಾನೆ.

ಸ್ಕ್ರ್ಯಾಚ್‌ನಲ್ಲೂ ಉತ್ತರ ಪಠ್ಯವಾಗಿಯೇ ಬರುತ್ತಿತ್ತು. ಆದರೆ ಅಲ್ಲಿನ ಹೋಲಿಕೆಯ ಬ್ಲಾಕ್ ಮೊದಲು ಎರಡೂ ಕಡೆಯನ್ನು ಸಂಖ್ಯೆಯಾಗಿ ಓದಲು ನೋಡುತ್ತದೆ. ಆಗದಿದ್ದರೆ ಮಾತ್ರ ಪಠ್ಯವಾಗಿ ಹೋಲಿಸುತ್ತದೆ, ಅದೂ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ನೋಡದೆ. ಕೂಡುವ ಬ್ಲಾಕ್ ಇನ್ನೂ ಧಾರಾಳಿ. ‘ಐವತ್ತು’ ಎಂದು ಬರೆದು ಅದಕ್ಕೆ 1 ಕೂಡಿಸಿ ನೋಡಿ, ಉತ್ತರ 1. ಅರ್ಥವಾಗದ್ದನ್ನೆಲ್ಲ ಅದು ಸೊನ್ನೆ ಎಂದುಕೊಳ್ಳುತ್ತದೆ.

ಟೈಪೇ ಇಲ್ಲ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಬ್ಲಾಕುಗಳ ಆಕಾರ ಗಮನಿಸಿ. ಸಂಖ್ಯೆ, ಪಠ್ಯ ಕೊಡುವ ಬ್ಲಾಕಿನ ತುದಿಗಳು ಗುಂಡಗೆ. ಹೌದು, ಅಲ್ಲ ಎನ್ನುವ ಬ್ಲಾಕಿಗೆ ಆರು ಮೂಲೆ. ‘ಆದರೆ’ (ಇಫ್) ಬ್ಲಾಕಿನ ಆರು ಮೂಲೆಯ ತೂತಿಗೆ ಗುಂಡಗಿನ ಬ್ಲಾಕ್ ತುರುಕಿದರೂ ಕೂರುವುದಿಲ್ಲ. ಪೈಥಾನ್‌ನಲ್ಲಿ ಅದೇ ಜಾಗದಲ್ಲಿ 10 ಎಂದು ಬರೆದರೆ ತಕರಾರಿಲ್ಲದೆ ‘ಹೌದು’ ಎಂದು ಓದಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಮಕ್ಕಳ ಸ್ಕ್ರ್ಯಾಚ್ ಜಾಸ್ತಿ ಕಟ್ಟುನಿಟ್ಟು!

ಪರಿಹಾರ ಚಿಕ್ಕದು. ‘ಇನ್‌ಪುಟ್’ ಅನ್ನು ಪಠ್ಯವನ್ನು ಪೂರ್ಣಾಂಕ ಮಾಡುವ ‘ಇಂಟ್’ ಎಂಬುದರ ಆವರಣದೊಳಗೆ ಹಾಕಲು ಹೇಳಿ. ಆಗ ‘ಐವತ್ತು’ ಎಂದು ಒತ್ತಿದರೆ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ, ಸೊನ್ನೆ ಎಂದುಕೊಂಡು ಮುಂದೆ ಹೋಗುವುದಿಲ್ಲ. ಇನ್ನೊಂದು ತಮಾಷೆ: ಕನ್ನಡ ಅಂಕಿಯಲ್ಲಿ ೫೦ ಎಂದು ಒತ್ತಿದರೂ ‘ಇಂಟ್’ ಅದನ್ನು ಐವತ್ತು ಎಂದೇ ಓದುತ್ತದೆ. ಸ್ಕ್ರ್ಯಾಚ್‌ನ ಲೆಕ್ಕದಲ್ಲಿ ೫೦ ಅಂದರೆ ಸೊನ್ನೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಸಿ ಭಾಷೆ ಗೊತ್ತು. ಈಗ ಚಿತ್ರಗಳನ್ನು ವೈರಿನಿಂದ ಜೋಡಿಸಿ ಪ್ರೋಗ್ರಾಂ ಮಾಡುವ ಲ್ಯಾಬ್‌ವ್ಯೂ ಕಲಿಯುತ್ತಿದ್ದೇನೆ. ಎಲ್ಲೂ ಇಂಟ್, ಫ್ಲೋಟ್ ಎಂದು ಬರೆಯಲೇ ಇಲ್ಲ, ವೈರಿನ ಬಣ್ಣ ಮಾತ್ರ ಬದಲಾಗುತ್ತದೆ. ಕೆಲವು ಕಡೆ ವೈರ್ ಸೇರುವಲ್ಲಿ ಕೆಂಪು ಚುಕ್ಕೆ ಬರುತ್ತದೆ. ಪ್ರೋಗ್ರಾಂ ಓಡುತ್ತಿದೆ. ಚುಕ್ಕೆಯನ್ನು ಹಾಗೇ ಬಿಡಬಹುದಾ ಸರ್?

ಉತ್ತರ: ಬಿಡಬಹುದು, ಅದು ಯಾಕೆ ಬಂತು ಎಂದು ನೋಡಿದ ಮೇಲೆ. ನೋಡದೆ ಬಿಟ್ಟು ನಾನು ಒಮ್ಮೆ ಅರ್ಧ ದಿನ ಕಳೆದುಕೊಂಡಿದ್ದೇನೆ.

ಬಣ್ಣವೇ ಅಲ್ಲಿ ಟೈಪ್. ಕಿತ್ತಳೆ ಅಂದರೆ ದಶಮಾಂಶ ಸಂಖ್ಯೆ, ನೀಲಿ ಅಂದರೆ ಪೂರ್ಣಾಂಕ, ಹಸಿರು ಅಂದರೆ ಹೌದು ಅಥವಾ ಅಲ್ಲ, ಗುಲಾಬಿ ಅಂದರೆ ಪಠ್ಯ. ಒಂದೇ ಟೈಪಿನ ಮೌಲ್ಯಗಳ ಸಾಲು, ಅಂದರೆ ಅರೇ, ಆಗಿದ್ದರೆ ಗೆರೆ ದಪ್ಪ. ಗುಲಾಬಿ ವೈರನ್ನು ಕೂಡುವ ಗುರುತಿಗೆ ಎಳೆದರೆ ವೈರ್ ತುಂಡಾಗಿ ಕಾಣುತ್ತದೆ, ಓಡಿಸುವ ಬಾಣದ ಗುರುತೂ ಮುರಿಯುತ್ತದೆ. ಸಿಯಲ್ಲಿ ಟೈಪನ್ನು ಮೇಲೆಲ್ಲೋ ಒಂದು ಸಲ ಬರೆದಿರುತ್ತೀರಿ. ನೂರು ಸಾಲು ಕೆಳಗೆ ಬಂದಾಗ ಅದು ನೆನಪಿನಲ್ಲಿರಬೇಕು. ಇಲ್ಲಿ ಬಣ್ಣ ವೈರಿನ ಜೊತೆಗೇ ಬರುತ್ತದೆ. 1986ರಲ್ಲಿ ಬಂದ ಸಾಫ್ಟ್‌ವೇರ್ ಇಂದಿಗೂ ಲ್ಯಾಬುಗಳಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಸಿಯಿಂದ ಬಂದವರು ಎಡವುವ ಜಾಗ ಭಾಗಾಕಾರ. ಸಿಯಲ್ಲಿ 5/2 ಅಂದರೆ 2, ಉಳಿದದ್ದು ಕಸಕ್ಕೆ. ಲ್ಯಾಬ್‌ವ್ಯೂನಲ್ಲಿ ಭಾಗಿಸುವ ಗುರುತಿಗೆ ಎರಡು ನೀಲಿ ವೈರ್ ಕೊಟ್ಟು ನೋಡಿ, ಹೊರಗೆ ಬರುವುದು ಕಿತ್ತಳೆ ವೈರ್, ಉತ್ತರ 2.5. ಪೂರ್ಣಾಂಕವೇ ಬೇಕಿದ್ದರೆ ಭಾಗಲಬ್ಧ ಮತ್ತು ಶೇಷ ಕೊಡುವ ಬೇರೆ ಗುರುತಿದೆ.

ಈಗ ಕೆಂಪು ಚುಕ್ಕೆ. ಬಂದ ವೈರಿನ ಟೈಪ್ ಒಂದು, ಆ ಜಾಗಕ್ಕೆ ಬೇಕಾದ ಟೈಪ್ ಇನ್ನೊಂದು, ‘ನಿಮ್ಮನ್ನು ಕೇಳದೆ ನಾನೇ ಬದಲಿಸಿದೆ’ ಎಂದು ಅದು ಹೇಳುತ್ತಿದೆ. ನೀಲಿಯಿಂದ ಕಿತ್ತಳೆಗೆ ಹೋಗುವಾಗ ಸಾಮಾನ್ಯವಾಗಿ ನಷ್ಟವಿಲ್ಲ. ಕಿತ್ತಳೆಯಿಂದ ನೀಲಿಗೆ ಬರುವಾಗ ಎಚ್ಚರ ಬೇಕು.

ನನಗೆ ಆಗಿದ್ದು ಅದೇ. ಎರಡು ಸೆನ್ಸರಿನ ತಾಪಮಾನದ ಸರಾಸರಿ ತೆಗೆದು ಪರದೆಗೆ ಕೊಡುತ್ತಿದ್ದೆ. ಎರಡೂ ಪೂರ್ಣಾಂಕ ಕೊಡುತ್ತಿದ್ದವು, ಹಾಗಾಗಿ ಸರಾಸರಿ ಎಷ್ಟೋ ಸಲ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಪರದೆಯಲ್ಲಿ ವಿಚಿತ್ರ: 35.5 ಇದ್ದಾಗ 36, 36.5 ಇದ್ದಾಗಲೂ 36, 37.5 ಆದ ಕೂಡಲೇ 38. ಸೆನ್ಸರ್ ಕೆಟ್ಟಿದೆ ಎಂದು ಬಿಚ್ಚಿದೆ, ಕೇಬಲ್ ಬದಲಿಸಿದೆ. ಕೊನೆಗೆ ನೋಡಿದರೆ ಪರದೆಯ ಡಬ್ಬಿ ನೀಲಿ, ಅದರ ಮೂಲೆಯಲ್ಲಿ ಚುಕ್ಕೆ. ಸರಿ ಅರ್ಧಕ್ಕೆ ಬಂದ ಸಂಖ್ಯೆಯನ್ನು ಲ್ಯಾಬ್‌ವ್ಯೂ ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. ಪೈಥಾನ್‌ನ ‘ರೌಂಡ್’ ಮಾಡುವುದೂ ಇದನ್ನೇ. ಸಿ ಆಗಿದ್ದರೆ ದಶಮಾಂಶ ಕತ್ತರಿಸಿ 35, 36, 37 ತೋರಿಸುತ್ತಿತ್ತು. ಅದೂ ತಪ್ಪೇ, ಆದರೆ ಬೇಗ ಸಿಕ್ಕಿಬೀಳುವ ತಪ್ಪು.

ಬಣ್ಣವನ್ನೂ ಪೂರ್ತಿ ನಂಬಬೇಡಿ. 8 ಬಿಟ್ ಪೂರ್ಣಾಂಕವೂ ನೀಲಿ, 64 ಬಿಟ್‌ನದೂ ನೀಲಿ. ಚಿಹ್ನೆಯಿಲ್ಲದ (ಋಣ ಸಂಖ್ಯೆ ಹಿಡಿಯದ) 8 ಬಿಟ್‌ನಲ್ಲಿ 255ರವರೆಗೆ ಮಾತ್ರ ಜಾಗ. ಅಲ್ಲಿ 200ಕ್ಕೆ 100 ಕೂಡಿಸಿದರೆ 44 ಬರುತ್ತದೆ. ವೈರ್ ಮುರಿಯುವುದಿಲ್ಲ, ಚುಕ್ಕೆಯೂ ಬರುವುದಿಲ್ಲ. ಅಷ್ಟೇ ಅಗಲದ ವೇರಿಯಬಲ್‌ಗೆ ಉತ್ತರ ತುಂಬಿದರೆ ಸಿ ಕೂಡ 44 ಎಂದೇ ಹೇಳುತ್ತದೆ. ವೈರಿನ ಮೇಲೆ ಮೌಸ್ ಇಟ್ಟು ಕಾಂಟೆಕ್ಸ್ಟ್ ಹೆಲ್ಪ್ ಕಿಟಕಿಯಲ್ಲಿ ಟೈಪ್ ಓದುವ ಅಭ್ಯಾಸ ಇಟ್ಟುಕೊಳ್ಳಿ.

ಪ್ರಶ್ನೆ: ಚಿತ್ರದ ಭಾಷೆಗಳು ಕಲಿಯಲಿಕ್ಕೆ ಸರಿ. ಗಂಭೀರ ಕೆಲಸಕ್ಕೆ ಟೈಪನ್ನು ಕಟ್ಟುನಿಟ್ಟಾಗಿ ಬರೆಸುವ ಟೆಕ್ಸ್ಟ್ ಭಾಷೆಯೇ ಸುರಕ್ಷಿತ ಅಲ್ವಾ?

ಉತ್ತರ: ಯುರೋಪಿನ ಏರಿಯಾನ್ 5 ರಾಕೆಟ್ಟಿನ ಕಥೆ ಕೇಳಿರಬೇಕು. 1996ರ ಜೂನ್ 4ರಂದು ಮೊದಲ ಹಾರಾಟದಲ್ಲೇ, ಒಂದು ನಿಮಿಷವೂ ತುಂಬುವ ಮೊದಲು ಸಿಡಿದುಹೋಯಿತು. ತಪ್ಪಿದ್ದ ಕೋಡ್ ಅಡಾ ಎಂಬ ಟೆಕ್ಸ್ಟ್ ಭಾಷೆಯಲ್ಲಿತ್ತು, ಟೈಪ್ ವಿಷಯದಲ್ಲಿ ಅದಕ್ಕಿಂತ ಕಟ್ಟುನಿಟ್ಟಿನ ಭಾಷೆ ಕಡಿಮೆ. 64 ಬಿಟ್ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ ಪೂರ್ಣಾಂಕಕ್ಕೆ ಇಳಿಸುವಾಗ ಅದು 32767ರ ಮಿತಿ ಮೀರಿತು. ಅಂಥ ಏಳು ವೇರಿಯಬಲ್‌ಗಳಲ್ಲಿ ನಾಲ್ಕಕ್ಕೆ ಕಾವಲು ಹಾಕಿದ್ದರು, ಮೂರಕ್ಕೆ ಇರಲಿಲ್ಲ. ಹಳೆಯ ಏರಿಯಾನ್ 4ರಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗಲು ಸಾಧ್ಯವಿರಲಿಲ್ಲ. ಭಾಷೆ ತನ್ನ ಕೆಲಸ ಮಾಡಿತ್ತು, ಎರರ್ ಎತ್ತಿತ್ತು. ಅದನ್ನು ಹಿಡಿಯಲು ಯಾರೂ ಏನೂ ಬರೆದಿರಲಿಲ್ಲ.

ಪ್ರಶ್ನೆ: ಸ್ಕ್ರ್ಯಾಚ್‌ನ ರ್‍ಯಾಂಡಮ್ ಬ್ಲಾಕ್ 1ರಿಂದ 10ರವರೆಗೆ ಪೂರ್ಣಾಂಕ ಕೊಡಬೇಕು. ನನ್ನ ತಮ್ಮನ ಪ್ರಾಜೆಕ್ಟಿನಲ್ಲಿ ಮಾತ್ರ 3.72ರ ಥರ ಏನೇನೋ ಬರುತ್ತಿದೆ. ಬಗ್ ಇರಬಹುದಾ?

ಉತ್ತರ: ಬ್ಲಾಕಿನ ಎರಡು ತೂತಿನಲ್ಲಿ ಒಂದರಲ್ಲಿ ಅವನು 1.0 ಅಥವಾ 10.0 ಎಂದು ಟೈಪ್ ಮಾಡಿರುತ್ತಾನೆ. ಚುಕ್ಕೆ ಕಂಡರೆ ಸಾಕು, ಆ ಬ್ಲಾಕ್ ದಶಮಾಂಶ ಕೊಡಲು ಶುರು ಮಾಡುತ್ತದೆ. ಚುಕ್ಕೆ, ಸೊನ್ನೆ ಅಳಿಸಿ ಮತ್ತೆ ಓಡಿಸಿ.