ಗಾಲ್ಫ್: ಪ್ರೊ ಆಗುವುದು ಯಾವಾಗ?

ಪ್ರಶ್ನೆ: ಮಗಳು ಅಮೆಚೂರ್ ಟೂರ್ನಿಗಳಲ್ಲಿ ಚೆನ್ನಾಗಿ ಆಡುತ್ತಿದ್ದಾಳೆ. ಈಗಲೇ ಪ್ರೊಫೆಷನಲ್ ಆಗಬಹುದೇ?
– ಓದುಗರು, ಮೈಸೂರು

ಉತ್ತರ: ಆತುರ ಬೇಡ. ಬೆಂಗಳೂರಿನ ಅದಿತಿ ಅಶೋಕ್ ಅವರ ದಾರಿ ನೋಡಿ. 2015ರ ಡಿಸೆಂಬರ್‌ನಲ್ಲಿ, ಇನ್ನೂ ಅಮೆಚೂರ್ ಆಗಿದ್ದಾಗಲೇ, ಲೇಡೀಸ್ ಯುರೋಪಿಯನ್ ಟೂರ್‌ನ (ಮಹಿಳಾ ಪ್ರೊ ಟೂರ್ನಿಗಳ ಸರಣಿ) ಅರ್ಹತಾ ಸ್ಪರ್ಧೆ ಗೆದ್ದರು. ಟೂರ್ ಕಾರ್ಡ್ (ಆ ಸರಣಿಯಲ್ಲಿ ಆಡುವ ಅರ್ಹತೆ) ಕೈಗೆ ಬಂದ ಮೇಲೆಯೇ, 2016ರ ಜನವರಿಯಲ್ಲಿ ಪ್ರೊ ಆದರು. ಆ ವರ್ಷವೇ ಮಹಿಳಾ ಇಂಡಿಯನ್ ಓಪನ್ ಗೆದ್ದರು. ಕ್ರಮ ಹೀಗಿರಲಿ: ಮೊದಲು ಕಾರ್ಡ್, ಆಮೇಲೆ ಪ್ರೊ.

ಪೆಟ್ಟು ಬೀಳುವುದು ಖರ್ಚಿನಲ್ಲಿ. ಸಾಮಾನ್ಯವಾಗಿ 36 ಹೋಲ್‌ಗಳ (ಎರಡು ಸುತ್ತುಗಳ) ನಂತರ 'ಕಟ್' ಇರುತ್ತದೆ, ಅಂದರೆ ಹಿಂದುಳಿದವರು ಹೊರಬೀಳುತ್ತಾರೆ; ಅದರಲ್ಲಿ ಉಳಿಯದವರಿಗೆ ಬಹುಮಾನದ ಹಣವಿಲ್ಲ. ಆದರೆ ಪ್ರಯಾಣ, ವಸತಿ, ಕ್ಯಾಡಿಯ (ಬ್ಯಾಗ್ ಹೊತ್ತು ನೆರವಾಗುವವರ) ಸಂಬಳ ಕೊಡಲೇಬೇಕು. ಗೆದ್ದ ಹಣದಲ್ಲೂ ಕ್ಯಾಡಿಗೆ ಪಾಲುಂಟು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿಗೆ ಅವರ ತಾಯಿಯೇ ಕ್ಯಾಡಿ. ಅಲ್ಲಿ ಒಂದೇ ಒಂದು ಸ್ಟ್ರೋಕ್‌ನಿಂದ (ಹೊಡೆತ; ಕಡಿಮೆ ಇದ್ದಷ್ಟೂ ಒಳ್ಳೆಯದು) ಕಂಚು ತಪ್ಪಿ ನಾಲ್ಕನೇ ಸ್ಥಾನ!

ಸ್ಟ್ರೋಕ್ ಉಳಿಸುವ ಅಭ್ಯಾಸ ಈಗಿನಿಂದಲೇ ಇರಲಿ. ಪ್ರತಿ ಸುತ್ತಿಗೆ ಮುನ್ನ ಬ್ಯಾಗಿನ ಕ್ಲಬ್ (ಚೆಂಡು ಹೊಡೆಯುವ ಕೋಲು) ಎಣಿಸಲಿ. 14 ಮೀರಿದರೆ ತಪ್ಪು ನಡೆದ ಹೋಲ್‌ಗೆ ಎರಡು ಸ್ಟ್ರೋಕ್ ದಂಡ, ಸುತ್ತಿಗೆ ಗರಿಷ್ಠ ನಾಲ್ಕು. ಯಾವುದೇ ಹೋಲ್‌ಗೆ ನಿಜಕ್ಕಿಂತ ಕಡಿಮೆ ಸ್ಟ್ರೋಕ್ ನಮೂದಾದ ಸ್ಕೋರ್ ಕಾರ್ಡ್ ಒಪ್ಪಿಸಿದರೆ ಸಾಮಾನ್ಯವಾಗಿ ಅನರ್ಹತೆಯೇ ಗತಿ.