ಜೊವಾವ್ ಜಿಲ್ಬೆರ್ಟೊ ದನಿ ಎತ್ತದಿರುವುದು ಏಕೆ?

ಬ್ರೆಜಿಲ್‌ನ ಬೋಸಾ ನೋವಾ ಎಂಬ ಸಂಗೀತ ಶೈಲಿಯ ಗಾಯಕ, ಗಿಟಾರ್ ವಾದಕ ಜೊವಾವ್ ಜಿಲ್ಬೆರ್ಟೊ ಅವರ ಕಂಠಕ್ಕೆ ಬಲವಿರಲಿಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಹಾಗಲ್ಲ. 1950ರ ಸುಮಾರಿಗೆ ರಿಯೊ ಡಿ ಜನೈರೊ ನಗರದ ಗಾಯನ ತಂಡವೊಂದರಲ್ಲಿ ಅವರು ಅಂದಿನ ರೂಢಿಯಂತೆ ತುಂಬುಕಂಠದಿಂದಲೇ ಹಾಡುತ್ತಿದ್ದರು. ಆ ಕೆಲಸ ಕೈತಪ್ಪಿದ ಕೆಲವು ವರ್ಷಗಳ ಮೇಲೆ ಬ್ರೆಜಿಲ್‌ನದೇ ಡಿಯಾಮಾಂಟಿನಾ ಪಟ್ಟಣದಲ್ಲಿದ್ದ ಸಹೋದರಿಯ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದು, ಸಣ್ಣ ದನಿಯೂ ಮರುದನಿಸುವ ಬಚ್ಚಲಮನೆಯಲ್ಲಿ ಕುಳಿತು ಸಾಧನೆ ಮಾಡಿದರು. ಮೆಲುದನಿ ಅವರು ದುಡಿದು ಗಳಿಸಿದ್ದು!

ಅವರ ಗಿಟಾರನ್ನು ಗಮನಿಸಿ: ಹೆಬ್ಬೆರಳು ಬ್ರೆಜಿಲ್‌ನ ಸಾಂಬಾ ಸಂಗೀತದ ದೊಡ್ಡ ಡೋಲಿನಂತೆ ನಡೆ ಹಿಡಿಯುತ್ತದೆ, ಉಳಿದ ಬೆರಳುಗಳು ತಾಳದ ಸಂದುಗಳಲ್ಲಿ ಮೀಟುತ್ತವೆ. ಅದರ ಮೇಲೆ ಹಾಡಿನ ಸಾಲು ಹಿಂದೆ ಮುಂದೆ ಜಾರುತ್ತದೆ. ಕೂಗಿದರೆ ಆ ಆಟ ಕೆಡುತ್ತದೆ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಜ್ ಜೊತೆಗಿನ 1964ರ ಆಲ್ಬಮ್‌ಗೆ ಗ್ರ್ಯಾಮಿ ಬಂದಿತು, ನಿಜ. ನನ್ನ ಮಾತು ಕೇಳುವುದಾದರೆ ಜಿಲ್ಬೆರ್ಟೊ ಅವರ 1973ರ ಆಲ್ಬಮ್‌ನಿಂದ ಆರಂಭಿಸಿ, ರಾತ್ರಿ ಹೊತ್ತು, ಹೆಡ್‌ಫೋನ್ ಹಾಕಿಕೊಂಡು.