98 ಇಂಚಿನ ಟಿವಿ ತರೋ ಮುಂಚೆ ಮೆಟ್ಟಿಲು, ಗೋಡೆ ಅಳೆಯಿರಿ

ಸರ್, ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆ ವಿದ್ಯಾನಗರದಲ್ಲಿ ಹೊಸ ಮನೆ, ಹಾಲ್ ಇರೋದು ಮೊದಲ ಮಹಡಿಯಲ್ಲಿ, ಗೋಡೆ ನಾಲ್ಕಿಂಚಿನ ಸಾಲಿಡ್ ಬ್ಲಾಕ್. 98 ಇಂಚಿನ ಟಿವಿಯ ಭಾರ ತಡೆಯುತ್ತಾ, ಟಿವಿ ಬೆಲೆಯ ಮೇಲೆ ಇನ್ನೆಷ್ಟು ಖರ್ಚು? ಅದಕ್ಕೆ ಒಬ್ಬರು "ಆ ಸೈಜಿನವು ಕ್ವಿಂಟಲ್‌ಗಟ್ಟಲೆ ತೂಗ್ತವೆ, ಗೋಡೆನೇ ಬೀಳುತ್ತೆ" ಅಂತ ಹೆದರಿಸಿದ್ದಾರೆ. ಅದು ಪ್ಲಾಸ್ಮಾ ಕಾಲದ ಮಾತು. 2010ರಲ್ಲಿ ಬಂದ ಪ್ಯಾನಸಾನಿಕ್‌ನ 152 ಇಂಚಿನ ಪ್ಲಾಸ್ಮಾ ಐದೂವರೆ ಕ್ವಿಂಟಲಿಗೂ ಜಾಸ್ತಿ ತೂಗುತ್ತಿತ್ತು. ಅದರ ಲೆಕ್ಕ ನಿಮಗೆ ಬೇಡ.

ನೀವು ನೋಡ್ತಿರೋ ಎಲ್‌ಸಿಡಿ ಜಾತಿಯ 98 ಇಂಚಿನವು ಸ್ಟ್ಯಾಂಡ್ ಬಿಟ್ಟು 55ರಿಂದ 65 ಕೆಜಿ ಆಸುಪಾಸು. ಬ್ರ್ಯಾಕೆಟ್ ಸೇರಿ 70 ಅಂತ ಇಟ್ಕೊಳ್ಳಿ. ಬಾಕ್ಸ್ ಸಮೇತ 80–90 ಕೆಜಿ ಆಗಬಹುದು. ಪರದೆ ಅಳತೆ 217 ಸೆಂ.ಮೀ. ಅಗಲ, 122 ಸೆಂ.ಮೀ. ಎತ್ತರ. ಇಷ್ಟಗಲದ ಪ್ಯಾನೆಲ್‌ನಲ್ಲಿ ಗಾಜು ಅಂದರೆ ಅರ್ಧ ಮಿ.ಮೀ. ದಪ್ಪದ ಎರಡು ಹಾಳೆ ಅಷ್ಟೆ, ಆರೇಳು ಕೆಜಿ. ಮಿಕ್ಕ ತೂಕವೆಲ್ಲ ಹಿಂದಿನ ಲೋಹದ ಚೌಕಟ್ಟು, ಬ್ಯಾಕ್‌ಲೈಟು, ಪ್ಲಾಸ್ಟಿಕ್ ಹಾಳೆಗಳದ್ದು. ಹಾಗಾಗಿ ನಾಲ್ಕು ಜನ ಎತ್ತೋದು ಕಷ್ಟವಲ್ಲ, ತಿರುಚದೆ ಎತ್ತೋದು ಕಷ್ಟ. ಒಂದು ಮೂಲೆ ಮೊದಲು ಎದ್ದು ಇನ್ನೊಂದು ಕೆಳಗೇ ಉಳಿದರೆ ಪ್ಯಾನೆಲ್ ಒಳಗೇ ಬಿರುಕು ಬಿಡುತ್ತೆ, ಸ್ವಿಚ್ ಹಾಕೋವರೆಗೂ ಗೊತ್ತಾಗಲ್ಲ. ಅಂಗಡಿಯಿಂದ ಮನೆವರೆಗೂ ಬಾಕ್ಸ್ ನಿಂತೇ ಬರಬೇಕು, ಗಾಡಿಯಲ್ಲಿ ಮಲಗಿಸಲೇಬಾರದು.

ಮೊದಲು ಮೆಟ್ಟಿಲು ನೋಡಿ. ಹಣ ಕಟ್ಟಿದ ಮೇಲೆ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಬಾಕ್ಸ್ ಸುಮಾರು 240 ಸೆಂ.ಮೀ. ಉದ್ದ, 140 ಎತ್ತರ, 25–28 ದಪ್ಪ ಇರುತ್ತೆ. ನೀವು ಆರಿಸಿದ ಮಾಡೆಲ್‌ದು ಅಂಗಡಿಯಲ್ಲಿ ಕೇಳಿ ಬರೆದುಕೊಳ್ಳಿ. ಎರಡೂ ಕಡೆ ಮೂರಡಿ ಅಗಲ ಇರೋ ಎಲ್ ಆಕಾರದ ತಿರುವಿನಲ್ಲಿ ಇದು ತಿರುಗಲ್ಲ. ಮೂರೂವರೆ ಅಡಿ ಇದ್ದರೆ ಎರಡು-ಮೂರು ಸೆಂ.ಮೀ. ಜಾಗ ಉಳಿದು ಪಾಸಾಗುತ್ತೆ, ಅದೂ ಕೈಪಿಡಿ ಅಡ್ಡ ಬರದಿದ್ದರೆ. ಅರ್ಧಕ್ಕೆ ಪೂರ್ತಿ ಹಿಂದಕ್ಕೆ ತಿರುಗೋ ಮೆಟ್ಟಿಲಾದರೆ ಇನ್ನೂ ಕಷ್ಟ. ಪರೀಕ್ಷೆಗೆ ಕಾಸಿನ ಖರ್ಚಿಲ್ಲ: ನಿಮ್ಮಲ್ಲಿ ಬಡಗಿ ಕೆಲಸ ನಡೀತಿದೆ ಅಂದಿದ್ದೀರಿ, 8×4 ಅಡಿಯ ಒಂದು ಪ್ಲೈವುಡ್ ಹಾಳೆಗೆ ಒಂದಡಿ ದಪ್ಪ ಬರೋ ಹಾಗೆ ಥರ್ಮಾಕೋಲ್ ಕಟ್ಟಿ, ನಿಲ್ಲಿಸಿಕೊಂಡೇ ಮೇಲೆ ಒಯ್ದು ನೋಡಿ. ಉದ್ದ ಹೆಚ್ಚುಕಮ್ಮಿ ಬಾಕ್ಸಿನಷ್ಟೇ, ಎತ್ತರ ಮಾತ್ರ 20 ಸೆಂ.ಮೀ. ಕಮ್ಮಿ, ಬಾಗಿಲ ತಲೆಪಟ್ಟಿ, ಲ್ಯಾಂಡಿಂಗ್ ಮೇಲಿನ ಬೀಮ್ ಹತ್ತಿರ ಅಷ್ಟು ಸೇರಿಸಿ ಅಳೆಯಿರಿ. ಮನೆಯ ಚಿಕ್ಕ ಲಿಫ್ಟಿನಲ್ಲಿ ಹೋಗೋ ಮಾತೇ ಇಲ್ಲ.

ತಿರುಗದಿದ್ದರೆ ಬಾಲ್ಕನಿ ಒಂದೇ ದಾರಿ. ಗ್ರಿಲ್ ಕೂರಿಸೋ ಮೊದಲೇ ಟಿವಿ ಮೇಲೆ ಹೋಗಿರಬೇಕು, ಇಲ್ಲಾ ಬೋಲ್ಟ್ ಬಿಚ್ಚೋ ಥರದ ಗ್ರಿಲ್ ಮಾಡಿಸಿ. ಹಗ್ಗ ಕಟ್ಟಿ ಕೈಯಲ್ಲಿ ಎಳೆಯಬೇಡಿ. ಬಾಕ್ಸಿನ ಅಡಿಗೆ ಮರದ ಪ್ಯಾಲೆಟ್ ಕೊಟ್ಟು, ಬೆಲ್ಟ್ ಪ್ಯಾಲೆಟ್ಟಿಗೆ ಹಾಕಿ, ಗಾಳಿ ಇಲ್ಲದ ಬೆಳಿಗ್ಗೆ ಹೊತ್ತು ಹೈಡ್ರಾದಲ್ಲಿ (ಬಾಡಿಗೆಗೆ ಸಿಗೋ ಚಿಕ್ಕ ಕ್ರೇನ್) ಎತ್ತಿಸಿ.

ಇನ್ನು ಗೋಡೆ. ನೇರ ಕೆಳಗೆ ಬೀಳೋ ಭಾರಕ್ಕೆ ನಾಲ್ಕಿಂಚಿನ ಸಾಲಿಡ್ ಬ್ಲಾಕ್ ಸಾಕು. ಕೆಡಿಸೋದು ಮುಂದಕ್ಕೆ ಎಳೆಯೋ ಭಾರ. ಗೋಡೆಗೆ ಅಂಟಿಕೊಂಡ ಫಿಕ್ಸೆಡ್ ಬ್ರ್ಯಾಕೆಟ್‌ನಲ್ಲಿ ಟಿವಿಯ ಭಾರ (60 ಕೆಜಿ ಅಂತ ಹಿಡಿಯೋಣ) ಗೋಡೆಯಿಂದ 8 ಸೆಂ.ಮೀ. ದೂರ ಇರುತ್ತೆ. ಮೇಲಿನ, ಕೆಳಗಿನ ಬೋಲ್ಟುಗಳ ನಡುವೆ 30 ಸೆಂ.ಮೀ. ಅಂತರ ಅಂದರೆ ಮೇಲಿನ ಸಾಲಿನ ಮೇಲೆ ಬೀಳೋ ಎಳೆತ 60×8÷30, ಅಂದರೆ 16 ಕೆಜಿ. ಅದೇ ಟಿವಿಯನ್ನ ಆಚೀಚೆ ತಿರುಗೋ ತೋಳಿನ ಬ್ರ್ಯಾಕೆಟ್ಟಿಗೆ ಹಾಕಿ ಅರ್ಧ ಮೀಟರ್ ಮುಂದೆ ಎಳೆದರೆ 60×50÷30, ನೂರು ಕೆಜಿ! ಪ್ರತಿ ಸಲ ಎಳೆದಾಗಲೂ ಬೋಲ್ಟ್ ಅಲುಗಾಡಿ ರಂಧ್ರ ದೊಡ್ಡದಾಗುತ್ತಾ ಹೋಗುತ್ತೆ. ಆದ್ದರಿಂದ ತೋಳಿನದು ಬೇಡವೇ ಬೇಡ. 100 ಕೆಜಿ ತಡೆಯೋ ಫಿಕ್ಸೆಡ್ ಇಲ್ಲವೇ ಸ್ವಲ್ಪ ಬಾಗೋ ಬ್ರ್ಯಾಕೆಟ್ ತಗೊಳ್ಳಿ, ಟಿವಿ ಹಿಂದಿನ ರಂಧ್ರಗಳ ಅಂತರಕ್ಕೆ ಹೊಂದುತ್ತಾ ನೋಡಿ. ಈ ಸೈಜಿಗೆ 600×400 ಅಥವಾ 800×400 ಮಿ.ಮೀ. ಸಾಮಾನ್ಯ, ಸ್ಕ್ರೂ ಎಂ8, ಅಂದರೆ 8 ಮಿ.ಮೀ.ದು.

ನಾಲ್ಕಿಂಚಿನ ಬ್ಲಾಕಿಗೆ ಮಾಮೂಲಿ ಆಂಕರ್ ಬೋಲ್ಟ್ ಹೊಡೆದರೆ ಹ್ಯಾಮರ್ ಡ್ರಿಲ್ಲಿನ ಏಟಿಗೆ ಹಿಂದಿನ ಕಡೆ ಚಕ್ಕೆ ಎದ್ದು ಹಿಡಿತ ಹೋಗುತ್ತೆ. ಗೋಡೆ ದಾಟಿ ಆಚೆ ಬರೋ ಆರ್‌ಪಾರ್ ಬೋಲ್ಟೇ ಸರಿ: 10 ಮಿ.ಮೀ. ಥ್ರೆಡ್ ರಾಡು ಆರು, ಹಿಂದಿನ ಕೋಣೆಯ ಕಡೆ ಪ್ರತಿಯೊಂದಕ್ಕೂ 100×100 ಮಿ.ಮೀ.ನ 6 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟು, ವಾಷರ್, ಎರಡೆರಡು ನಟ್. ಪ್ಲೇಟಿನಷ್ಟು ಗಾರೆ ಕೆತ್ತಿ ಒಳಗೆ ಕೂರಿಸಿ ಮೇಲೆ ಪುಟ್ಟಿ ಹಾಕಿದರೆ ಕಾಣಲ್ಲ. ಡ್ರಿಲ್ಲನ್ನ ಹ್ಯಾಮರ್ ಇಲ್ಲದೆ ಓಡಿಸಿ, ಬ್ಲಾಕಿನ ಮಧ್ಯಕ್ಕೇ ರಂಧ್ರ ಬರಲಿ, ಜಾಯಿಂಟಿಗೆ ಬೇಡ. ಹೊಸ ಪ್ಲಾಸ್ಟರಿಂಗ್ ಆಗಿ 28 ದಿನ ಕಳೆದಿರಲಿ. ಮುಂದೆ ಪ್ಲೈವುಡ್ ಪ್ಯಾನೆಲಿಂಗ್ ಬರೋದಾದರೆ ರಾಡು ಅದನ್ನೂ ದಾಟಿ ಬರಬೇಕು, ಪ್ಲೈಗೂ ಗೋಡೆಗೂ ನಡುವೆ ಪೈಪಿನ ತುಂಡು ಕೊಡಿ, ಇಲ್ಲದಿದ್ದರೆ ನಟ್ ಬಿಗಿದಷ್ಟೂ ಪ್ಲೈ ಒಳಕ್ಕೆ ಬಾಗುತ್ತೆ. ಚಿತ್ರದುರ್ಗದ ಕಡೆ ಹಳೇ ಕಲ್ಲು-ಮಣ್ಣಿನ ಗೋಡೆ ಇರೋರು ಬೋಲ್ಟನ್ನ ನಂಬಲೇಬಾರದು, ನೆಲದಿಂದ ಮೇಲೆದ್ದ ಕಬ್ಬಿಣದ ಪೈಪಿನ ಫ್ರೇಮ್ ಮಾಡಿಸಿ ಭಾರ ನೆಲಕ್ಕೇ ಬಿಡಿ.

ಎತ್ತರ: ಪರದೆಯ ಕೆಳ ಅಂಚು ನೆಲದಿಂದ ಒಂದೂವರೆ ಅಡಿ. ಆಗ ನಡುಭಾಗ ಸೋಫಾದಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಬರುತ್ತೆ. ಕಣ್ಣಿಗೂ ಪರದೆಗೂ ಕನಿಷ್ಠ ಹತ್ತಡಿ ಬೇಕು. ನಿಮ್ಮ ಹಾಲ್ 12 ಅಡಿ ಅಂದರೆ ಸೋಫಾ ಮೂರಡಿ ತಿಂದು ಒಂಬತ್ತೇ ಉಳಿಯುತ್ತೆ. ನನ್ನ ಅಭಿಪ್ರಾಯದಲ್ಲಿ ನಿಮಗೆ 85 ಇಂಚೇ ಸರಿ: ಅಗಲ 188 ಸೆಂ.ಮೀ., ತೂಕ 40–50 ಕೆಜಿ, ಮೆಟ್ಟಿಲ ತಾಪತ್ರಯವೂ ಅರ್ಧ ಕಮ್ಮಿ.

ಬೆಲೆ 98ಕ್ಕೆ ಎರಡು-ಮೂರು ಲಕ್ಷದಿಂದ ಶುರುವಾಗಿ ಹತ್ತು ಲಕ್ಷ ದಾಟುತ್ತೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಹಳೇ ದರಪಟ್ಟಿ ತೋರಿಸಿದರೆ ಒಪ್ಪಬೇಡಿ. ಬ್ರ್ಯಾಕೆಟ್, ರಾಡು-ಪ್ಲೇಟು, ಸರ್ಜ್ ಪ್ರೊಟೆಕ್ಟರ್, ಕೂಲಿ ಎಲ್ಲಾ ಸೇರಿ 15–20 ಸಾವಿರ ಬೇರೆ ಎತ್ತಿಡಿ, ಹೈಡ್ರಾ ಬಾಡಿಗೆ ಬೇರೆ. ಕರೆಂಟು 300 ವ್ಯಾಟ್ ಹಿಡಿದು ದಿನಕ್ಕೆ ಐದು ಗಂಟೆ ಓಡಿಸಿದರೆ ತಿಂಗಳಿಗೆ 45 ಯೂನಿಟ್. ಗೃಹಜ್ಯೋತಿ ಇದ್ದರೆ ಇದನ್ನ ಗಮನಿಸಿ, 200 ಯೂನಿಟ್ ದಾಟಿದ ತಿಂಗಳು ಬೆಸ್ಕಾಂ ಬಿಲ್ ಪೂರ್ತಿ ನಿಮ್ಮದೇ. ಯುಪಿಎಸ್ ಲೈನಿಗೆ ಹಾಕೋದಾದರೆ ಸೈನ್ ವೇವ್‌ದೇ ಆಗಿರಲಿ, ಅರ್ತಿಂಗ್ ಚೆಕ್ ಮಾಡಿಸಿ.

ಪ್ಯಾನೆಲ್ ಒಡೆದರೆ ವಾರಂಟಿ ಬರಲ್ಲ, ಹೊಸ ಪ್ಯಾನೆಲ್‌ಗೆ ಹೆಚ್ಚುಕಮ್ಮಿ ಟಿವಿಯ ದುಡ್ಡೇ ಆಗುತ್ತೆ. ಆದ್ದರಿಂದ ಬಿಲ್ಲಿನಲ್ಲಿ "ಮೊದಲ ಮಹಡಿಗೆ ಡೆಲಿವರಿ, ಗೋಡೆಗೆ ಕೂರಿಸಿ ಚಾಲೂ ಮಾಡಿ ಕೊಡುವುದು" ಅಂತ ಬರೆಸಿ. ಬಾಕ್ಸನ್ನ ಕಂಪನಿ ಟೆಕ್ನಿಷಿಯನ್ ಮುಂದೆಯೇ ಬಿಚ್ಚಿಸಿ, ಬಿಚ್ಚೋದರಿಂದ ಪರದೆ ಬೆಳಗೋವರೆಗೂ ಒಂದೇ ವಿಡಿಯೋ ಮಾಡಿ. ಬಿಳಿ, ಕಪ್ಪು, ಕೆಂಪು ಬಣ್ಣ ಪರದೆ ತುಂಬ ಹಾಕಿ ಗೆರೆ, ಕಲೆ ನೋಡಿದ ಮೇಲೇ ಸಹಿ ಹಾಕಿ. ಪ್ಲೈವುಡ್ ಮೇಲೆ ಹೋಯಿತಾ ಇಲ್ವಾ ಇಲ್ಲೇ ತಿಳಿಸಿ, ಲ್ಯಾಂಡಿಂಗ್ ಅಳತೆಯನ್ನೂ ಹಾಕಿ.